ಭಾವನ ಗ್ರಂಥಿಯೊಳಗೆ ಹೊರಗಿನವರು

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಪತ್ತೇದಾರ ಎಂದೇ ಕರೆಯುತ್ತಿದ್ದರು. ಮೇಣದಲ್ಲಿ ಹುದುಗಿಸಿದ ಮಾಂಸದ ತುಣುಕನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಗೆ ಎತ್ತಿಕೊಂಡು ಬಣ್ಣ ಹಾಕುವುದು ಅವನ ಕಸುಬು. ಅನುಮಾನಪಡುವುದು ಅವನ ಜೀವನ. ಗಡಿಯಾರ ಸರಿಯಾಗಿ ನಡೆದರೆ ಯಾರೋ ಕೈಯಾಡಿಸಿದ್ದಾರೆ ಎನ್ನುವವನು. ಮದುವೆಯ ದಿನ ಹೆಂಡತಿ ನಕ್ಕಿದ್ದೇಕೆ ಎಂಬ ವಿಚಾರಣೆ ಇನ್ನೂ ಮುಗಿದಿರಲಿಲ್ಲ.

ಇಂಥ ಮಹಾವೀರನ ಮೇಜಿಗೆ ಒಂದು ದಿನ ಅಕ್ಕನ ಗಂಡನ ಗ್ರಂಥಿಯ ತುಣುಕು ಬಂತು. ಭಾವನಿಗೆ ಪಿತ್ತನಾಳದ ಕ್ಯಾನ್ಸರ್. ದೂರದ ದುಗ್ಧಗ್ರಂಥಿಗೆ, ಅಂದರೆ ಲಿಂಫ್ ನೋಡಿಗೆ, ಹರಡಿರದಿದ್ದರೆ ಆಪರೇಷನ್. ಹರಡಿದ್ದರೆ ಅದೂ ಇಲ್ಲ. ಅದನ್ನು ಹೇಳುವುದು ಕೋಶಗಳ ಮೈಮೇಲಿನ ಗುರುತುಗಳು. ಪಿತ್ತನಾಳ, ಕರುಳು ಮುಂತಾದ ಕಡೆಯ ಕೋಶಗಳು ಹೊತ್ತಿರುವ ಒಂದು ಗುರುತು ಗ್ರಂಥಿಯ ಸ್ವಂತ ಕೋಶಗಳ ಮೇಲಿರುವುದಿಲ್ಲ. ಬಣ್ಣ ಹಾಕಿದಾಗ ಕಂದು ಕಂಡರೆ ಹೊರಗಿನವರು ನುಗ್ಗಿದ್ದಾರೆ ಎಂದರ್ಥ.

ಕಂದು ಕಂಡಿತು. ಗ್ರಂಥಿಯ ಅಂಚಿನಲ್ಲಿ ಒಂದು ಸಣ್ಣ ಗುಂಪು.

ಪತ್ತೇದಾರ ಕತ್ತಿ ಹಿರಿದ. ಮೊದಲು ಬಣ್ಣದ ಬಾಟಲಿಯ ಮೇಲೆ ಅನುಮಾನ, ಆಮೇಲೆ ಯಂತ್ರದ ಮೇಲೆ, ಆಮೇಲೆ ಪಕ್ಕದ ಮೇಜಿನವಳ ಮೇಲೆ.

"ನಿನ್ನೆ ನನ್ನ ಮೇಜಿನ ಹತ್ರ ಯಾಕೆ ಬಂದಿದ್ದೆ?"

"ನಿಮ್ಮ ಮುಖ ನೋಡೋಕೆ, ಸಾರ್. ಮನೇಲಿ ಟೀವಿ ಕೆಟ್ಟಿದೆ."

ಟೀವಿ ನಿಜವಾಗಿಯೂ ಕೆಟ್ಟಿದೆಯೇ ಎಂದು ಅವನು ಕೊಂಚ ಹೊತ್ತು ಯೋಚಿಸಿದ. ಕೊನೆಗೆ ಗಾಜು ಹಿಡಿದು ಪೆಥಾಲಜಿ ಡಾಕ್ಟರ ಬಾಗಿಲು ತಟ್ಟಿದ.

"ಮೇಡಂ, ಈ ಗುಂಪು ನಮ್ಮ ಭಾವಂದಲ್ಲ ಅನ್ಸುತ್ತೆ."

"ಯಾಕೆ, ಮುಖ ಹೋಲಲ್ವಾ?" ಎಂದು ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಕಣ್ಣು ತೆಗೆಯುವಾಗ ದನಿಯಲ್ಲಿ ತಮಾಷೆ ಇರಲಿಲ್ಲ. "ಗ್ರಂಥಿಯ ಒಳಗಿಲ್ಲ, ಮೇಲೆ ಬಂದು ಕೂತ ಹಾಗಿದೆ. ಇದೇ ಗಾಜಿಗೆ ಕರುಳಿನ ಕೋಶದ ಗುರುತನ್ನ ಕೆಂಪಲ್ಲಿ ಹಾಕಿ. ನಿಮ್ಮ ಭಾವನ ಮೂಲ ಗೆಡ್ಡೆಗೂ ಹಾಕಿ."

ಗುಂಪು ಕೆಂಪಾಯಿತು. ಭಾವನ ಗೆಡ್ಡೆ ಆಗಲಿಲ್ಲ.

ಗೆದ್ದ ವೀರ ಕುಣಿಯಬೇಕಿತ್ತು. ಇವನಿಗೋ ಗೆಲುವಿನ ಮೇಲೂ ಗುಮಾನಿ. "ಹರಡೋವಾಗ ಕೋಶಗಳು ವೇಷ ಬದಲಾಯಿಸಿದ್ರೆ, ಮೇಡಂ?"

"ಬದಲಾಯಿಸೋದುಂಟು. ಅದಕ್ಕೇ ಮೇಣದಿಂದ ಹೊಸದಾಗಿ ಕೊಯ್ಯಿರಿ, ಆಳಕ್ಕೂ ಹೋಗಿ. ನೀರು ಹೊಸದಿರಲಿ."

ನೀರು ಎಂದದ್ದೇ ತಡ, ಅವನಿಗೆ ನೆನಪಾಯಿತು. ಭಾವನದಕ್ಕಿಂತ ಮುಂಚೆ ಅವನು ಕೊಯ್ದದ್ದು ಇನ್ನಾರದೋ ಕರುಳು. ಒಬ್ಬರದು ಮುಗಿದ ಮೇಲೆ ಕಾಗದದಿಂದ ನೀರಿನ ಮೇಲ್ಮೈ ಸವರಿ, ಉಳಿದ ಚೂರು ತೆಗೆದೇ ಇನ್ನೊಬ್ಬರದನ್ನು ತೇಲಿಬಿಡಬೇಕು. ಚೀಟಿಯ ಮೇಲೆ ಭಾವನ ಹೆಸರು ಕಂಡ ಗಾಬರಿಯಲ್ಲಿ ಅವನು ಸವರಿರಲಿಲ್ಲ. ಇಡೀ ಲ್ಯಾಬಿನಲ್ಲಿ ಅವನ ಅನುಮಾನಕ್ಕೆ ಸಿಗದೆ ಉಳಿದಿದ್ದವನು ತಾನೊಬ್ಬನೇ, ಕಳ್ಳನೂ ತಾನೇ.

ಮೇಡಂಗೆ ಹೇಳಿದ. ಪಕ್ಕದ ಮೇಜಿನವಳಿಗೆ ಹೇಳುವಷ್ಟು ಎದೆಗಾರಿಕೆ ಸಾಲಲಿಲ್ಲ. ಹೊಸ ಕೊಯ್ತಗಳಲ್ಲಿ ಒಂದರಲ್ಲೂ ಕಂದು ಇರಲಿಲ್ಲ. ಮೇಡಂ ಸಹಿ ಹಾಕಿದ ಮೇಲೆ ಅಕ್ಕನಿಗೆ ಫೋನ್ ಮಾಡಿದ.

"ಹರಡಿಲ್ಲ ಕಣೇ ಅಕ್ಕ. ಆಪರೇಷನ್ ಮಾಡ್ತಾರೆ."

ಅಕ್ಕನಿಗೂ ಗುಮಾನಿ. ಒಂದೇ ರಕ್ತವಲ್ಲವೇ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದೀಯ. ಮೊನ್ನೆ ಫೋನಲ್ಲಿ ನಿನ್ನ ದನಿಯೇ ಬೇರೆ ಥರ ಇತ್ತು."

"ಮೊನ್ನೆ ಕಂಡಿದ್ದು ಬೇರೆಯವರ ಚೂರು. ನಾನೇ ನೀರು ಸವರಿರಲಿಲ್ಲ. ತಪ್ಪು ನಂದೇ."

"ಏನಂದೆ?"

"ತಪ್ಪು ನಂದು ಅಂದೆ."

ಅಕ್ಕ ಅಳತೊಡಗಿದಳು. "ಹಾಗಾದ್ರೆ ನಿಜಾನೇ ಕಣೋ," ಎಂದಳು ಮೂಗೊರೆಸಿಕೊಳ್ಳುತ್ತ. "ನಿನ್ನ ಬಾಯಲ್ಲಿ ಈ ಮಾತು ನೀನು ಹುಟ್ಟಿದಾಗಿಂದ ಕೇಳಿರಲಿಲ್ಲ. ತಡಿ, ನಿಮ್ಮ ಭಾವಂಗೂ ಕೇಳಿಸು."