‘ತೊಂದರೆ ಇಲ್ಲ’ ಎಂದು ಬರೆದ ಮೂರು ವಾರ

ಹೊಕ್ಕುಳ ಕೆಳಗೆ ನೇರಳೆ ಶಾಯಿಯ ನಾಲ್ಕು ಗೆರೆ, ಎರಡೂ ಮಗ್ಗುಲಿಗೆ ಒಂದೊಂದು ಗುಣಾಕಾರದ ಗುರುತು. ಕರೆಂಟು, ಎಂದರೆ ವಿಕಿರಣ, ಎಲ್ಲಿ ಬೀಳಬೇಕೆಂದು ಆಸ್ಪತ್ರೆಯವರು ಬರೆದದ್ದು; ಮುಗಿಯುವವರೆಗೆ ತಿಕ್ಕಿ ತೊಳೆಯುವಂತಿಲ್ಲ. ದೊಡ್ಡವ್ವ ಸೀರೆ ಸರಿಸಿ ನನಗೆ ತೋರಿಸಿ, "ಹೊಲಾ ಅಳದಂಗ ಅಳದಾರ ನೋಡ ತಂಗಿ. ಯಾರ ಹೆಸರಿಗೆ ಮಾಡ್ಕೊಳ್ಳಾಕತ್ತಾರೋ ಏನೋ" ಎಂದಳು.

ನಮ್ಮವ್ವನ ಅಕ್ಕ ಆಕೆ, ಉಪ್ಪಿನಬೆಟಗೇರಿಗೆ ಕೊಟ್ಟಿದ್ದರು. ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವಳು. ಸಂತೆಯಲ್ಲಿ ತಕ್ಕಡಿಯ ತಟ್ಟೆ ಎತ್ತಿ ತಳ ಸವರುವಳು. ನಾನು ಬಿ.ಎಸ್ಸಿ. ಪಾಸಾದೆ, ನಮ್ಮ ಮನೆತನದಲ್ಲಿ ಅದೇ ಮೊದಲ ಡಿಗ್ರಿ. ಎಲ್ಲರೂ ಪೇಢೆ ತಿಂದರು. ಆಕೆ ಮಾತ್ರ ಎಣ್ಣೆ ಡಬ್ಬಿಯ ಮೇಲಿನ ಇಂಗ್ಲಿಷನ್ನು ನನ್ನಿಂದ ಓದಿಸಿದ ಮೇಲೆಯೇ ಬಾಯಿ ಸಿಹಿ ಮಾಡಿಕೊಂಡಳು.

ತೊಂಬತ್ತರ ದಶಕದ ಕೊನೆಗೆ ಆಕೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಯಿತು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಐದು ವಾರ ಕರೆಂಟು ಕೊಡುವುದೆಂದಾಯಿತು. ದಿನಾ ಊರಿನಿಂದ ಬಸ್ಸು, ಜೊತೆಗೆ ದೊಡ್ಡಪ್ಪ. ನಾನಾಗ ಹುಬ್ಬಳ್ಳಿಯಲ್ಲೇ ಬಾಡಿಗೆ ಖೋಲಿ ಹಿಡಿದು ನೌಕರಿ ಮಾಡುತ್ತಿದ್ದೆ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದನ್ನು ಮೊದಲ ದಿನ ಆಕೆಗೆ ತಿಳಿಸಿದವಳು ನಾನೇ: ನೀರು ಚೆನ್ನಾಗಿ ಕುಡಿದು ಬರಬೇಕು, ಮೂತ್ರಚೀಲ ತುಂಬಿದ್ದರೆ ಕರುಳು ಮೇಲೆ ಸರಿದು ಕರೆಂಟಿನಿಂದ ತಪ್ಪಿಸಿಕೊಳ್ಳುತ್ತದೆ. ಹೇಳಿದೆ, ನನ್ನ ಕೆಲಸಕ್ಕೆ ಹೋದೆ.

ಮೂರು ವಾರಕ್ಕೆ ಆಕೆ ಅರ್ಧವಾಗಿದ್ದಳು. ದಿನಕ್ಕೆ ಎಂಟು ಹತ್ತು ಸಲ ಭೇದಿ. ಮೂತ್ರಕ್ಕೆ ಕುಳಿತರೆ ಬೆಂಕಿಯಂಥ ಉರಿ. ಒಂದು ದಿನ ಆಸ್ಪತ್ರೆಯಿಂದ ನೇರ ನನ್ನ ಖೋಲಿಗೆ ಬಂದು ಕುಳಿತಳು, ಬೆನ್ನಿಗೆ ದೊಡ್ಡಪ್ಪ.

"ಆ ಮಿಷನ್ ಖೊಟ್ಟಿ ಐತಿ. ನಾಳಿಂದ ನಾ ಹೋಗೂದಿಲ್ಲ."

ಅರ್ಧಕ್ಕೆ ಬಿಟ್ಟರೆ ಗಡ್ಡೆ ಉಳಿಯುತ್ತದೆ, ಆಕೆ ಉಳಿಯುವುದಿಲ್ಲ ಎಂದು ನಾನು ಗೋಗರೆದೆ. ಆಸ್ಪತ್ರೆಯ ಕಾರ್ಡು ನನ್ನ ಮುಂದೆ ಚೆಲ್ಲಿದಳು. "ನೀ ಕಲತಾಕಿ ಅದಿಯಲ್ಲ, ಇದರಾಗ ಏನ್ ಬರದಾರ, ಖರೇ ಓದು."

ಓದಿದೆ. ವಾರಕ್ಕೊಂದರಂತೆ ಮೂರು ಸಾಲು. ಮೂರೂ ಒಂದೇ: ತೊಂದರೆ ಇಲ್ಲ.

"ಹಂಗಂತ ಯಾರ ಹೇಳಿದ್ರು?" ದೊಡ್ಡವ್ವ ಗಂಡನ ಕಡೆ ತಿರುಗಿದಳು.

ದೊಡ್ಡಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ವಾರಕ್ಕೊಮ್ಮೆ ಡಾಕ್ಟರು ಕೇಳಿದಾಗ "ಆರಾಮ ಅದಾಳ್ರಿ" ಎಂದವನು ಅವನೇ. ನಮ್ಮಲ್ಲಿ ಅದೇ ರೂಢಿ; ಪರಗಂಡಸು ಕೇಳಿದ್ದಕ್ಕೆ ಹೆಂಗಸಿನ ಜೊತೆ ಬಂದ ಗಂಡಸು ಉತ್ತರ ಕೊಡಬೇಕು.

"ನಿನ್ನ ಕೇಳಿದ್ರೂ ನೀ ಏನಿಲ್ಲ ಅಂತಿದ್ದಿ" ಎಂದ.

"ನಿಮ್ಮ ಹಲ್ಲ ಬ್ಯಾನಿಗೆ ಓಣಿ ಎಲ್ಲಾ ಎಬ್ಬಿಸಿದ್ರಿ. ನನ್ನ ಹೊಟ್ಟಿ ಆರಾಮೇನ್ರಿ?"

ಮರುದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಆಕೆ ದೊಡ್ಡಪ್ಪನನ್ನು ಬಾಗಿಲಾಚೆ ಕೂರಿಸಿ, ಡಾಕ್ಟರ ಎದುರು ಒಂದನ್ನೂ ಬಿಡದೆ ತಾನೇ ಹೇಳಿದಳು.

"ಹೆಣ್ಣಮಕ್ಕಳು ಇದನ್ನ ಛಲೋ ತಡಕೋತಾರ ಅಂತ ತಿಳದಿದ್ದೆರಿ" ಎಂದರು ಡಾಕ್ಟರು.

"ಯಾರ್ನ ಕೇಳಿ ತಿಳದ್ರಿ, ಸಾಹೇಬ್ರ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀರ ಎಷ್ಟ ಕುಡದ ಬರ್ತೀರಿ, ಅವ್ವಾರ?"

"ಹನಿ ಸುದ್ದಾ ಇಲ್ರಿ. ದಾರ್ಯಾಗ ಅವಸರಾದ್ರ ನಮ್ಮನಿಯವರಿಗೆ ಯಾರದರ ಮನಿ ಗ್ವಾಡಿ ಐತಿ. ನಾ ಎಲ್ಲಿ ಕುಂದರ್ಲಿ?"

ಗುಳಿಗೆ ಕೊಟ್ಟರು, ನಾಲ್ಕು ದಿನ ಬಿಡುವು ಕೊಟ್ಟರು. ಉಳಿದ ಎರಡು ವಾರ ಆಕೆ ನನ್ನ ಖೋಲಿಯಲ್ಲೇ ಇದ್ದು, ತಂಬಿಗೆಗಟ್ಟಲೆ ನೀರು ಕುಡಿದು, ನಡೆದುಕೊಂಡು ಹೋಗಿ ಕರೆಂಟು ಮುಗಿಸಿದಳು.

ಗಡ್ಡೆ ಮತ್ತೆ ಬರಲಿಲ್ಲ. ಕರುಳು ಮಾತ್ರ ಸುಧಾರಿಸಲಿಲ್ಲ. ಮದುವೆ ಊಟದಲ್ಲೂ ಆಕೆಗೆ ಮಜ್ಜಿಗೆ ಅನ್ನವೇ ಗತಿ. ಆ ಮೂರು ವಾರದ ತಪ್ಪೋ, ಹೇಗಿದ್ದರೂ ಆಗುತ್ತಿತ್ತೋ ಎಂದು ಡಾಕ್ಟರನ್ನು ಕೇಳಿದೆ. "ಹೇಳಾಕ ಬರೂದಿಲ್ರಿ" ಎಂದರು. ಆ ಉತ್ತರದ ಮೇಲೆ ನನಗಿನ್ನೂ ಸಂಶಯವಿದೆ. ಆಮೇಲೆ ಆಕೆ ಎಂಟು ವರ್ಷ ಬದುಕಿ, ಎದೆಬೇನೆಯಿಂದ ತೀರಿಕೊಂಡಳು.

ಹೆಂಗಸರು ತಡೆದುಕೊಳ್ಳುತ್ತಾರೆ ಎಂದು ಯಾರಾದರೂ ಅಂದರೆ, ಯಾರನ್ನು ಕೇಳಿದಿರಿ ಎಂದು ನಾನೀಗ ಥಟ್ಟನೆ ಕೇಳುತ್ತೇನೆ. ಅದು ಆಕೆ ಕಲಿಸಿದ್ದು. ಆದರೆ ಬಸ್ಸು ಹತ್ತುವ ದಿನ ನೀರು ಮುಟ್ಟದ ಹೆಂಗಸರಲ್ಲಿ ನಾನೂ ಒಬ್ಬಳು. ಅಷ್ಟು ಗೊತ್ತಿದ್ದೂ, ನೀರು ಕುಡಿದು ಬಂದಿಯೇನು ದೊಡ್ಡವ್ವಾ ಎಂದು ಆ ಮೂರು ವಾರದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ.