ಪಿಕಪ್ಪಿಗೆ ಪುಸ್ತಕ ಓದಿ ಹೇಳಿದ್ದು

ಮದುವೆಯಾಗಿ ಹದಿನಾರು ವರ್ಷ ನನ್ನ ಇಂಗ್ಲಿಷು ಟ್ರಂಕಿನ ತಳದಲ್ಲಿ ಮಡಿಸಿಟ್ಟ ಧಾರೆ ಸೀರೆಯಂತಿತ್ತು. ಇದೆ ಎಂದು ಮನೆಯವರಿಗೆಲ್ಲ ಗೊತ್ತು. ಉಟ್ಟದ್ದನ್ನು ಯಾರೂ ಕಂಡಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರುಗಳು ತಿದ್ದಿ ತೀಡಿದ ಆ ಭಾಷೆಗೆ, ಪಾಂಡವಪುರದ ಪಕ್ಕದ ನಮ್ಮ ಕಬ್ಬು ಭತ್ತದ ಮನೆಯಲ್ಲಿ ಸಿಕ್ಕ ಕೆಲಸವೆಂದರೆ ಗೊಬ್ಬರದ ಚೀಲದ ಮೇಲಿನ ಅಕ್ಷರ ಓದುವುದು, ಅಪರೂಪಕ್ಕೆ ಟೆಲಿಗ್ರಾಂ ಒಡೆಯುವುದು. ಟೆಲಿಗ್ರಾಂ ಬಂದಾಗ ನನ್ನ ಬೆಲೆ ಏರಬೇಕಿತ್ತು. ಆದರೆ ನಮ್ಮ ಕಡೆ ಟೆಲಿಗ್ರಾಂ ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ನಾನು ಬಾಯಿ ತೆರೆಯುವ ಮೊದಲೇ ಅಳು ಶುರುವಾಗಿರುತ್ತಿತ್ತು. ನನ್ನ ಉಚ್ಚಾರಣೆಯನ್ನು ಕೇಳುವವರು ಯಾರು?

ಆ ಸೀರೆಯನ್ನು ಕೊನೆಗೂ ಹೊರತೆಗೆಸಿದ್ದು ಒಂದು ಹಳೆಯ ಪಿಕಪ್ಪು.

ನಾಗಮಂಗಲದ ಕಡೆ ಕೊಬ್ಬರಿ ವ್ಯಾಪಾರಿಯೊಬ್ಬರ ತೋಟದಲ್ಲಿ ಅದು ಮಳೆ ಬಿಸಿಲಿಗೆ ನಿಂತಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹಡಗಿನಲ್ಲಿ ಬಂದ ಗಾಡಿಯಂತೆ. ಮುಂದೆ ಮೂವರು ಕೂರುವ ದುಂಡು ಮೈಯ ಗೂಡು, ಹಿಂದೆ ಮರದ ಹಲಗೆಯ ತೊಟ್ಟಿ, ಮೂತಿಯ ಮೇಲೆ ಕಂಪನಿಯ ಹೆಸರು ಹೇಳುವ ಲೋಹದ ಅಕ್ಷರಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಸ್ಟಿಯರಿಂಗಿಗೆ ಹಾಗಲಬಳ್ಳಿ ಹಬ್ಬಿತ್ತು. ನಮ್ಮ ಮನೆಯವರು ಅದನ್ನು ಒಂದು ಮದುವೆ ಊಟಕ್ಕೆ ಹೋದಾಗ ನೋಡಿ, ಊಟದ ರುಚಿಯನ್ನೇ ಮರೆತು ಬಂದರು. ಇವರು ಯಾವುದಕ್ಕೂ ಆಸೆಪಡುವ ಜನ ಅಲ್ಲ. ನಮ್ಮ ಮದುವೆಯಲ್ಲಿ ನಮ್ಮಪ್ಪನ ಹತ್ತಿರ ಒಂದು ಕೈಗಡಿಯಾರವನ್ನೂ ಕೇಳಿದವರಲ್ಲ. ಅಂಥವರು ಮೂರು ದಿನ ಸುಮ್ಮನೆ ಕೂತು, ನಾಲ್ಕನೆಯ ದಿನ, "ಅದನ್ನ ಎಬ್ಬಿಸಬಹುದು ಅನ್ನಿಸುತ್ತೆ ಕಣೇ" ಎಂದರು. ಕಾಯಿಲೆಯ ನೆಂಟರ ಬಗ್ಗೆ ಮಾತಾಡುವ ಧ್ವನಿ.

ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಾಗ ನಾಲೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಅಣ್ಣೋ, ದಿಬ್ಬಣವೋ, ಮಣ್ಣಿಗೋ?" ಎಂದು ಕೂಗಿ ಕೇಳಿದಳಂತೆ. ಅದು ಊರೆಲ್ಲ ಮೂರು ವಾರ ಓಡಾಡಿತು, ಗಾಡಿಗಿಂತ ಚೆನ್ನಾಗಿ.

ನಮ್ಮ ಮಾವನವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಹಸು ಕೊಳ್ಳುವವರು ನೋಡುವ ಹಾಗೆ ಹಲ್ಲು ನೋಡುವುದೊಂದು ಬಾಕಿ ಇಟ್ಟು, ತೀರ್ಪು ಕೊಟ್ಟರು. "ಲೇ ಮಗಾ, ಕೊಟ್ಗೇಲಿ ಕಟ್ಟಿದ್ದು ಆಲಾದ್ರೂ ಕೊಡ್ಬೇಕು, ಉಳೋಕಾದ್ರೂ ಓಗ್ಬೇಕು ಕಣ್ಲಾ. ಇದೇನ್ ಮಾಡೀತು? ಆಯುಧಪೂಜೆ ಗಂಟ ಟೈಮು. ಅವತ್ತು ತಾನೇ ಎದ್ದು ಬಂದು ಟ್ರಾಕ್ಟರ್ ಪಕ್ಕ ನಿಂತ್ಕತ್ತಾ, ಕುಂಕುಮ ಇಡ್ತೀನಿ. ಇಲ್ವಾ, ಮಾರನೇ ದಿನ ಪೇಟೆಯವನಿಗೆ."

ಪೇಟೆಯವನು ಎಂದರೆ ಕೆ.ಆರ್. ಪೇಟೆಯಲ್ಲಿ ಟ್ರಾಕ್ಟರ್ ಟ್ರೇಲರ್ ಕಟ್ಟುವ ಒಬ್ಬರು. ಅವರಿಗೆ ಬೇಕಿದ್ದದ್ದು ಗಾಡಿಯ ಹಿಂದಿನ ಅಚ್ಚು ಮತ್ತು ಚಕ್ರಗಳು ಮಾತ್ರ. ಉಳಿದದ್ದು ಗುಜರಿಗೆ. ಮಾವನವರು ಆಗಲೇ ಮಾತು ಕೊಟ್ಟಾಗಿತ್ತು. ನಮ್ಮ ಕೈಯಲ್ಲಿದ್ದದ್ದು ಏಳು ತಿಂಗಳು.

ಮೆಕ್ಯಾನಿಕ್ಕು ಶ್ರೀರಂಗಪಟ್ಟಣದ ಗೌಸ್ ಸಾಬರು. ಜೀಪು, ಪಂಪ್‌ಸೆಟ್ಟು, ಟ್ರಾಕ್ಟರು ಎಲ್ಲದರ ನಾಡಿ ಬಲ್ಲವರು. ಆದರೆ ಇದರ ಬಾನೆಟ್ಟು ಎತ್ತಿದವರೇ, "ಅರೆ ಅಮ್ಮಾ, ಇದು ನಮ್ಮಪ್ಪನ ಕಾಲದ್ದು. ಇದಕ್ಕೆ ಕಿತಾಬ್ ಬೇಕು" ಎಂದರು. ನಮ್ಮ ಮನೆಯವರು ಮೈಸೂರಿನಲ್ಲೆಲ್ಲ ಹುಡುಕಿ, ಯಾರದೋ ಮನೆಯಲ್ಲಿದ್ದ ಆ ಗಾಡಿಯ ರಿಪೇರಿ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ತಂದರು. ಇನ್ನೂರು ಚಿಲ್ಲರೆ ಪುಟ, ಪ್ರತಿ ಪುಟದ ಒಳ ಅಂಚಿನಲ್ಲಿ ಕಾಡಿಗೆ ತೀಡಿದಂತೆ ಕಪ್ಪು ನೆರಳು. ಶುದ್ಧ ಇಂಗ್ಲಿಷು. ಇವರು ಪುಟ ತಿರುಗಿಸಿದರು, ಸಾಬರು ಚಿತ್ರ ನೋಡಿದರು, ಆಮೇಲೆ ಇಬ್ಬರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

ಹೀಗೆ ನಾನು ಕೊಟ್ಟಿಗೆಯಲ್ಲಿ, ಮಗುಚಿ ಹಾಕಿದ ಹಿಂಡಿ ಬುಟ್ಟಿಯ ಮೇಲೆ ಕೂತು, ಮಧ್ಯಾಹ್ನದ ಹೊತ್ತು ಪಿಕಪ್ಪಿಗೆ ಪುರಾಣ ಓದತೊಡಗಿದೆ. ಇಂಗ್ಲಿಷ್ ಓದುವುದು ಸುಲಭ, ಅದನ್ನು ಕೊಟ್ಟಿಗೆಯ ಕನ್ನಡಕ್ಕೆ ಇಳಿಸುವುದು ಕಷ್ಟ. 'ಹದವಾಗಿ ಬಿಗಿ ಮಾಡಿ' ಎಂದು ಪುಸ್ತಕ ಹೇಳಿದರೆ ಎಷ್ಟು ಹದ? "ಉಪ್ಪಿನಕಾಯಿ ಜಾಡಿಯ ಬಾಯಿ ಕಟ್ಟುವಷ್ಟು" ಎಂದೆ. ಸಾಬರಿಗೆ ತಟ್ಟನೆ ಅರ್ಥವಾಯಿತು. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿ ಎಂದಿದ್ದಲ್ಲೆಲ್ಲ "ಪ್ರದಕ್ಷಿಣೆ" ಎಂದೆ. ಮೂರು ಜನರಿಗೂ ತಿಳಿಯಿತು. ಸಿಸ್ಟರುಗಳು ನನಗೆ ಹೂವಿನ ಕಸೂತಿಯನ್ನೂ ಕಲಿಸಿದ್ದರು. ಆ ಸೂಜಿಯಲ್ಲೇ ಗಾಡಿಯ ಸೀಟು ಹೊಲಿದೆ, ಒಳಗೆ ನಮ್ಮ ತೋಟದ್ದೇ ತೆಂಗಿನ ನಾರು ತುಂಬಿ.

ಇಲ್ಲಿ ನನಗೂ ಇವರಿಗೂ ಒಂದು ಜಗಳವಿತ್ತು. ಎಷ್ಟು ಹಳೆಯದನ್ನು ಉಳಿಸಬೇಕು, ಎಷ್ಟು ಹೊಸದು ಸೇರಿಸಬೇಕು? ನಮ್ಮ ಸುತ್ತಿನಲ್ಲಿ ಜೀರ್ಣೋದ್ಧಾರವಾದ ಗುಡಿಗಳನ್ನು ನೋಡಿದ್ದೇನೆ. ಎಂಟು ನೂರು ವರ್ಷದ ಕಲ್ಲುಕಂಬಕ್ಕೆ ಬೆಳ್ಳಿ ಬಣ್ಣದ ಪೇಂಟು ಬಳಿದು, ಕಂಬದ ಮೇಲೆ ಪೇಂಟು ಕೊಡಿಸಿದ ದಾನಿಯ ಹೆಸರು ಬರೆಸಿರುತ್ತಾರೆ. ಹಾಗಾಗಬಾರದು ಎಂಬುದು ನನ್ನ ವಾದ. ಆದರೆ ಅದೇ ಜೀರ್ಣೋದ್ಧಾರದಲ್ಲಿ ಒಂದು ಚೆಂದದ ಪದ್ಧತಿಯೂ ಇದೆ. ಕೆಲಸ ಶುರುವಾಗುವ ಮುಂಚೆ ಮೂರ್ತಿಯ ಕಳೆಯನ್ನು ಒಂದು ಕಲಶದ ನೀರಿಗೆ ಇಳಿಸಿ ಜೋಪಾನ ಮಾಡುತ್ತಾರೆ. ಕಲ್ಲು ಸರಿಸಿ, ಗಾರೆ ಬದಲಿಸಿ, ಎಲ್ಲ ಮುಗಿದ ಮೇಲೆ ಮತ್ತೆ ಮೂರ್ತಿಗೇ ತುಂಬುತ್ತಾರೆ. ಅಂದರೆ ಬದಲಿಸುವುದು ತಪ್ಪಲ್ಲ, ಕಳೆ ಎಲ್ಲಿದೆ ಎಂದು ಗೊತ್ತಿರಬೇಕು. ಹಳೆಯ ಆರು ವೋಲ್ಟಿನ ಬ್ಯಾಟರಿ ಹೋಗಿ ಹನ್ನೆರಡರದ್ದು ಬರಲಿ ಎಂದು ಒಪ್ಪಿದೆ. ತಿರುಗುವಾಗ ಮಿನುಗುವ ದೀಪಕ್ಕೂ ಒಪ್ಪಿದೆ. "ಪೆಟ್ರೋಲ್ ಎಂಜಿನ್ ಬಿಸಾಕಿ ಡೀಸೆಲ್ ಕೂರಿಸಿ" ಎಂದು ಬಂದವರೆಲ್ಲ ಹೇಳಿದ್ದಕ್ಕೆ ಮಾತ್ರ ಇಬ್ಬರೂ ಒಪ್ಪಲಿಲ್ಲ. ಅದರ ಕಳೆ ಅಲ್ಲಿತ್ತು.

ಈಗ ನನ್ನ ತಪ್ಪಿನ ವಿಚಾರ.

ಎಂಜಿನ್ನಿಗೆ ಆರು ಸಿಲಿಂಡರು. ಆರಕ್ಕೂ ಸರದಿಯಂತೆ ಕಿಡಿ ಹಂಚಲು ಡಿಸ್ಟ್ರಿಬ್ಯೂಟರ್ ಎಂಬ ದುಂಡನೆಯ ಡಬ್ಬಿ. ಅದರೊಳಗೊಂದು ಬೆರಳು ತಿರುಗುತ್ತ, ಪಂಕ್ತಿಯಲ್ಲಿ ತುಪ್ಪ ಬಡಿಸುವವರ ಹಾಗೆ, ಒಂದೊಂದು ತಂತಿಗೂ ಕಿಡಿ ಬಡಿಸಿಕೊಂಡು ಹೋಗುತ್ತದೆ. ಆ ತಂತಿಗಳನ್ನು ಜೋಡಿಸುವ ಸಂಜೆ ಸಾಬರು ಬಂದಿರಲಿಲ್ಲ, ಅವರ ತಂಗಿಯ ಮಗಳ ಮದುವೆ. ಇವರೇ ತಂತಿ ಹಿಡಿದಿದ್ದರು. ನಾನು ಓದಿದೆ: ಒಂದು, ಐದು, ಮೂರು, ಆರು, ಎರಡು, ನಾಲ್ಕು, ಈ ಸರದಿಯಲ್ಲಿ, ಗಡಿಯಾರದ ವಿರುದ್ಧ ದಿಕ್ಕಿಗೆ. ಅಂದರೆ ಅಪ್ರದಕ್ಷಿಣೆ. ಅಷ್ಟರಲ್ಲಿ ನಮ್ಮ ಅತ್ತೆ ದೀಪ ಹಚ್ಚಿಕೊಂಡು ಕೊಟ್ಟಿಗೆಗೆ ಬಂದರು. ನಮ್ಮಲ್ಲಿ ಅಪ್ರದಕ್ಷಿಣೆ ಬರುವುದು ಒಂದೇ ಕಡೆ, ಚಿತೆಯ ಸುತ್ತ. ದೀಪ ಹಿಡಿದು ನಿಂತ ಹಿರಿಯರೆದುರು, ಅದೂ ಮೊದಲೇ ಸತ್ತ ಗಾಡಿ ಎನಿಸಿಕೊಂಡಿದ್ದರ ಮುಂದೆ, ಆ ಮಾತು ಹೇಗೆ ಆಡುವುದು? "ಇದೇ ಸರದೀಲಿ ಸುತ್ತ ಜೋಡಿಸಿ" ಎಂದೆ. ಉಳಿದದ್ದನ್ನು ನುಂಗಿದೆ. ಆಮೇಲೆ ಹೇಳಿದರಾಯಿತು ಎಂದುಕೊಂಡವಳು ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮರೆತೆ. ಇವರು, ಮಂಗಳವಾರ ಮಂಗಳವಾರ ಗಣಪನ ಗುಡಿ ಸುತ್ತುವವರು, ಕೈ ತಾನಾಗಿ ಹೋದ ಕಡೆಗೆ, ಪ್ರದಕ್ಷಿಣೆಯಾಗಿ, ಭಕ್ತಿಯಿಂದ ಜೋಡಿಸಿದರು.

ಹಬ್ಬಕ್ಕೆ ಹತ್ತು ದಿನವಿದ್ದಾಗ ಬ್ಯಾಟರಿ ಬಂತು. ಮೂತಿಯ ಕೆಳಗೆ ಹ್ಯಾಂಡಲು ಹಾಕಿ ತಿರುಗಿಸಿದರೆ ಗಾಡಿ ಎರಡು ಸಲ ಕೆಮ್ಮಿ, ಢಮ್ ಎಂದಿತು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಸಾಬರು ಕಾರ್ಬುರೇಟರ್ ಬಿಚ್ಚಿ ತೊಳೆದರು. ಮತ್ತೆ ಢಮ್. ಪ್ಲಗ್ಗುಗಳನ್ನು ಉಜ್ಜಿದರು. ಢಮ್. ಎಂಟು ದಿನ ಹೀಗೇ. ಜಗಲಿಯ ಮೇಲಿಂದ ಮಾವನವರು, "ಆಯುಧಪೂಜೆಗೆ ಪಟಾಕಿ ತರೋ ಖರ್ಚು ಉಳೀತು ಬುಡು" ಎಂದರು. ಹಬ್ಬದ ಮುನ್ನಾದಿನ ನೋಡುತ್ತೇನೆ, ಇವರು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಕ್ರಮವಾಗಿ ಚೀಲದೊಳಗೆ ಇಡುತ್ತಿದ್ದಾರೆ. ಸಿಟ್ಟು ಮಾಡಿಕೊಂಡು ಎಸೆದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸಾಬರು ಮಾತ್ರ, "ಕೊನೇ ಸಲ" ಎಂದು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒರೆಸುತ್ತಿದ್ದರು. ಇವರು ಹ್ಯಾಂಡಲು ತಿರುಗಿಸಿದರು. ನಾನು ಕಾಫಿ ಲೋಟ ಹಿಡಿದು ನಿಂತವಳು ಒಳಗಿನ ಬೆರಳನ್ನು ನೋಡಿದೆ. ಅದು ಮೆಲ್ಲಗೆ ಎಡಕ್ಕೆ ತಿರುಗಿತು. ಇನ್ನೊಂದಿಷ್ಟು ಎಡಕ್ಕೆ. ತಂತಿಗಳು ಒಂದು ದಿಕ್ಕಿಗೆ ಪಂಕ್ತಿ ಕೂತಿವೆ, ತುಪ್ಪದವನು ಇನ್ನೊಂದು ದಿಕ್ಕಿನಿಂದ ಬರುತ್ತಿದ್ದಾನೆ! ನುಂಗಿದ ಮಾತು ಅಲ್ಲೇ ಗಂಟಲಿಗೆ ಬಂತು. ಹಿಂದೆ ತಿರುಗಿದರೆ ಅತ್ತೆ, ಮೊರದಲ್ಲಿ ಅಕ್ಕಿ ಹಿಡಿದು ಬಾಗಿಲಲ್ಲೇ.

ಹೇಳದೆ ವಿಧಿಯಿರಲಿಲ್ಲ. "ಅದು ಅಪ್ರದಕ್ಷಿಣೆ ಸುತ್ತಬೇಕು" ಎಂದೆ. "ಪುಸ್ತಕದಲ್ಲಿತ್ತು. ನಾನು ಹೇಳಲಿಲ್ಲ. ಅತ್ತೆ ಬೇಜಾರು ಮಾಡಿಕೊಳ್ತಾರೆ ಅಂತ."

ಇವರು ಸ್ಪ್ಯಾನರ್ ಹಿಡಿದ ಕೈಯಲ್ಲೇ ಹಣೆ ಒರೆಸಿಕೊಂಡರು. ಸಾಬರು ನಕ್ಕರು. "ಅರೆ ಅಮ್ಮಾ, ಅದ್ಕೇನು ಭಯ? ನಮ್ಮೋರು ಹಜ್‌ಗೆ ಹೋದ್ರೆ ಕಾಬಾ ಸುತ್ತ ತಿರುಗೋದು ಇಂಗೇ."

ಅತ್ತೆ ಮೊರವನ್ನು ಕೆಳಗಿಟ್ಟರು. "ಅಯ್ಯೋ ನನ್ನವ್ವ, ಇಷ್ಟಕ್ಕೇ ಎಂಟು ದಿನ ನನ್ನ ಎಮ್ಮೆ ಎದರಿಸ್ಬುಟ್ರಾ? ಕಡಗೋಲು ಒಂದ್ ಸಲ ಅಂಗೆ, ಒಂದ್ ಸಲ ಇಂಗೆ ಸುತ್ತಾಕಿಲ್ವಾ? ಬೆಣ್ಣೆ ಬರಾಕಿಲ್ವಾ? ಅದ್ಕೆ ಎಂಗೆ ಬೇಕೋ ಅಂಗೆ ಸುತ್ಲಿ ಬುಡಿ. ಅದೇನ್ ದೇವ್ರಾ?" ಎಂದವರು ಒಳಗೆ ಹೋಗುತ್ತ ನನ್ನ ಕಡೆ ತಿರುಗಿ, "ಇಷ್ಟ್ ವರ್ಷ ಇನ್ನೂ ಏನೇನ್ ನುಂಗಿದ್ದೀಯೋ ಕಾಣೆ" ಎಂದು ಸೇರಿಸಿದರು. ಅವತ್ತಿನಿಂದ ನಾನು ಏನು ಓದಿ ಹೇಳಿದರೂ ಕೊನೆಯಲ್ಲಿ "ಪೂರ್ತಿ ಓದ್ದೇನವ್ವ?" ಎಂದು ಕೇಳುವುದು ಅವರಿಗೆ ರೂಢಿಯಾಗಿದೆ. ಸೌಮ್ಯತನವೆಂದು ನಾನು ಸಾಕಿಕೊಂಡಿದ್ದ ಗುಣದಲ್ಲಿ ಸ್ವಲ್ಪ ಪಾಲು ಬರೀ ಪುಕ್ಕಲುತನ ಎಂದು ನನಗೆ ತಿಳಿಸಿಕೊಟ್ಟದ್ದು ಸಿಸ್ಟರುಗಳಲ್ಲ, ಒಂದು ಎಂಜಿನ್ನು.

ತಂತಿ ಬದಲಿಸಲು ಕಾಲು ಗಂಟೆ ಹಿಡಿಯಿತು. ಹ್ಯಾಂಡಲಿನ ಎರಡನೆಯ ಸುತ್ತಿಗೆ ಗಾಡಿ ಎದ್ದಿತು. ಕೆಮ್ಮಲಿಲ್ಲ, ಸಿಡಿಯಲಿಲ್ಲ, ತುಂಬಿದ ಮನೆಯಲ್ಲಿ ದೊಡ್ಡವರು ಗಂಟಲು ಸರಿಪಡಿಸಿಕೊಂಡು ಮಾತು ಶುರುಮಾಡಿದ ಹಾಗೆ ಒಂದು ಗಂಭೀರ ಧ್ವನಿ. ಇವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಮಾರನೆಯ ಬೆಳಿಗ್ಗೆ ಅದು ಕೊಟ್ಟಿಗೆಯಿಂದ ತಾನೇ ಹೊರಟು, ಅಂಗಳ ದಾಟಿ, ಟ್ರಾಕ್ಟರಿನ ಪಕ್ಕ ನಿಂತಿತು. ಮಾವನವರು ಟ್ರಾಕ್ಟರಿಗೆ ಇಟ್ಟದ್ದಕ್ಕಿಂತ ದೊಡ್ಡ ಕುಂಕುಮ ಇಟ್ಟರು. ನಾನು ನೋಡಿದೆ, ನಿಜವಾಗಿ ದೊಡ್ಡದೇ.

ಅದರ ಮರುದಿನ ಕೆ.ಆರ್. ಪೇಟೆಯವರು ಜಾಕು, ಗರಗಸ ತುಂಬಿದ ಗೋಣಿಚೀಲ ಹೊತ್ತು ಬಸ್ಸಿಳಿದು ಬಂದರು. ಹೂವಿನ ಹಾರ ಹಾಕಿಕೊಂಡು ಗುಡುಗುಡು ಎನ್ನುತ್ತಿದ್ದ ಗಾಡಿಯನ್ನು ಕಂಡು ಚೀಲ ಇಳಿಸಿದರು.

"ಅಚ್ಚು ಕೊಡಾಕಾಗಲ್ಲ ಕಣಪ್ಪ, ಅದು ಓಡಾಡ್ತಾ ಅದೆ" ಎಂದರು ಮಾವ, ಮೀಸೆಯ ಮೇಲೆ ಕೈಯಾಡಿಸುತ್ತ. "ಕಾಫಿ ಕುಡಿ. ಬಸ್‌ಸ್ಟ್ಯಾಂಡ್ ಗಂಟ ಇದ್ರಲ್ಲೇ ಬುಟ್ಟು ಬತ್ತಾರೆ."

ಪೇಟೆಯವರಿಗೆ ಬೇಸರವೇನೂ ಆದಂತಿರಲಿಲ್ಲ. ಗಾಡಿಯ ಸುತ್ತ ಎರಡು ಸಲ ಬಂದು, ಬಾನೆಟ್ಟಿಗೆ ಕಿವಿಕೊಟ್ಟು, "ಎಂಥಾ ಸವಂಡು! ಯಾವೂರ ಮೇಸ್ತ್ರಿ ಸಾಮಿ ಇದನ್ನ ಎಬ್ಬಿಸಿದ್ದು?" ಎಂದು ಕೇಳಿದರು.

ಸಾಬರು ಇವರನ್ನು ನೋಡಿದರು. ಇವರು ನನ್ನನ್ನು ನೋಡಿದರು. ನಾನು ಮಾಡಿದ ಅಡುಗೆಯನ್ನು ಯಾರಾದರೂ ಹೊಗಳಿದರೆ ಅತ್ತೆ ಹೇಳಿಕೊಟ್ಟದ್ದು ಎಂದೇ ಹದಿನಾರು ವರ್ಷ ಉತ್ತರ ಕೊಟ್ಟವಳು ನಾನು. ಈಗ ಸೆರಗಿಗೆ ಕೈ ಒರೆಸಿಕೊಂಡು, "ನಾನೇ" ಎಂದೆ.

ಇವರೂ ಏಳು ತಿಂಗಳು ದುಡಿದರು, ಸಾಬರಿಲ್ಲದಿದ್ದರೆ ಆಗುತ್ತಿರಲಿಲ್ಲ, ಎಂಟು ದಿನ ಗಾಡಿ ಏಳದಿದ್ದದ್ದೂ ನನ್ನಿಂದಲೇ ಎಂದು ಪೂರ್ತಿ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟನ್ನು ನುಂಗಿದೆ, ಈ ಸಲ ಪುಕ್ಕಲಿನಿಂದಲ್ಲ.