ತೆರಿಗೆಯ ಗೆರೆ ದಾಟದ ಹಲ್ಲು ಕಟ್ಟುವವರು

ನನ್ನ ಭಾವ ಹಲ್ಲು ಕಟ್ಟುವವರು. ದಂತವೈದ್ಯರು ಬಾಯಿಯ ಅಚ್ಚು ಕಳಿಸಿದರೆ ಹಿಂಬದಿಯ ಕೋಣೆಯಲ್ಲಿ ಕೂತು, ಮೇಣದಲ್ಲಿ ಒಸಡು ತೀಡಿ, ಒಂದೊಂದೇ ಹಲ್ಲು ಕೂರಿಸುವರು. ಅವರ ಸೆಟ್ಟು ಹಾಕಿಕೊಂಡವರು ಕೇಳದಿದ್ದರೂ ಸೇಬು ಕಚ್ಚಿ ತೋರಿಸುತ್ತಿದ್ದರು.

ಆದರೆ ಭಾವನಿಗೆ ತಾನು ಹಲ್ಲಿಗಿಂತ ತೆರಿಗೆಯಲ್ಲಿ ದೊಡ್ಡ ಪಂಡಿತನೆಂಬ ನಂಬಿಕೆ. ಪ್ರತಿ ವರ್ಷ ಹೊಸ ದರ ಪ್ರಕಟವಾದೊಡನೆ ಕೋಣೆಯ ಗೋಡೆಗೆ ಒಂದು ಸಂಖ್ಯೆ ಬರೆಯುವರು. ಅಷ್ಟು ಸೆಟ್ಟು ಮುಗಿದ ದಿನ ಕೋಣೆಗೆ ಬೀಗ.

"ಒಂದು ಹೆಚ್ಚಾದ್ರೂ ಆದಾಯ ಗೆರೆ ದಾಟುತ್ತೆ. ದಾಟಿತೋ, ಮೊದಲನೇ ಸೆಟ್ಟಿಂದ ಹಿಡಿದು ಎಲ್ಲದಕ್ಕೂ ಮೇಲಿನ ದರ. ಬಿಟ್ಟಿ ಚಾಕರಿ ಮಾಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ನಾನು ತಲೆಯಾಡಿಸುತ್ತಿದ್ದೆ. ಆ ಒಂದು ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಮೇಲಿನ ದರ ಏರಿ, ಗೆರೆ ಕೆಳಗಿಳಿದ ವರ್ಷ ಗೋಡೆಯ ಸಂಖ್ಯೆ ಎಂಬತ್ತಕ್ಕೆ ಬಂತು. ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ ಬೀಗ ಬಿತ್ತು. ಆಗ ಬಂದರು ಚಿಕ್ಕಮ್ಮ, ಭಾವನನ್ನು ಸಾಕಿ ಬೆಳೆಸಿದ ನಿವೃತ್ತ ಮೇಷ್ಟರಮ್ಮ. ಹಲ್ಲೆಲ್ಲ ಕೀಳಿಸಿದ್ದರು, ಮಾತು ತೊದಲುತ್ತಿತ್ತು. ಅಚ್ಚು ಚೀಲದಲ್ಲಿತ್ತು. ಮುಂದಿನ ತಿಂಗಳು ಹಳೆಯ ವಿದ್ಯಾರ್ಥಿಗಳ ಸಭೆ. ಅವರೇ ಮುಖ್ಯ ಭಾಷಣಕಾರರು.

"ಎಂಬತ್ತು ಮುಗೀತಲ್ಲ ಚಿಕ್ಕಮ್ಮ. ಮೂರು ತಿಂಗಳು ತಡ್ಕೊಳ್ಳಿ, ಹೊಸ ವರ್ಷದ ಮೊದಲ ಸೆಟ್ಟು ನಿಮ್ದೇ."

"ಸಭೆ ನನಗೋಸ್ಕರ ಕಾಯುತ್ತೇನೋ?"

"ಹಾಗಾದ್ರೆ ದುಡ್ಡು ಬೇಡ. ಹಾಗೇ ಮಾಡ್ಕೊಡ್ತೀನಿ."

"ಬಿಟ್ಟಿ ಹಲ್ಲಿಟ್ಕೊಂಡು ಮಕ್ಕಳಿಗೆ ಸ್ವಾಭಿಮಾನದ ಪಾಠ ಹೇಳ್ಲಾ? ದುಡ್ಡು ತಗೊಂಡು ಮಾಡು, ಇಲ್ಲ ಬಿಡು."

ಭಾವ ಬಿಟ್ಟರು. ಹಠದಲ್ಲಿ ಇಬ್ಬರದೂ ಒಂದೇ ಅಚ್ಚು.

ಸಭೆಗೆ ನಾನೂ ಹೋಗಿದ್ದೆ. ಚಿಕ್ಕಮ್ಮ ನಾಲ್ಕು ಹಾಳೆ ಭಾಷಣ ಬರೆದು ತಂದಿದ್ದರು. ಹೆಸರು ಕರೆದಾಗ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಬೇಡವೆಂದು ಕೈಯಾಡಿಸಿದರು. ಅವರೊಡನೆ ಎರಡೇ ವರ್ಷ ಕೆಲಸ ಮಾಡಿದ್ದ ಡ್ರಿಲ್ ಮೇಷ್ಟ್ರು ಎದ್ದು ಮುಕ್ಕಾಲು ಗಂಟೆ ಅವರನ್ನು ಹೊಗಳಿದರು. ಅರ್ಧದಷ್ಟು ಬೇರೆ ಯಾರದೋ ಕತೆ. ತಿದ್ದಬೇಕಾದ ಚಿಕ್ಕಮ್ಮ ಕರವಸ್ತ್ರ ತೆಗೆಯದೆ ಕೂತಿದ್ದರು.

ವರ್ಷ ಮುಗಿದ ಮೇಲೆ ಭಾವ ನನ್ನನ್ನೂ ಕರೆದುಕೊಂಡು ತೆರಿಗೆ ಕಚೇರಿಗೆ ಹೋದರು. ಕಿಟಕಿಯಾಚೆಯ ಹುಡುಗಿಗೆ ತಮ್ಮ ಸಿದ್ಧಾಂತವನ್ನು ಬಿಡಿಸಿ ಹೇಳಿದರು. ಆಕೆ ಪೂರ್ತಿ ಕೇಳಿ ಹೇಳಿದಳು:

"ಯಜಮಾನ್ರೇ, ಗೆರೆ ದಾಟಿದಷ್ಟು ದುಡ್ಡಿಗೆ ಮಾತ್ರ ಮೇಲಿನ ದರ. ಕೆಳಗಿನದಕ್ಕೆ ಕೆಳಗಿನ ದರಾನೇ. ಮೊದಲಿಂದ್ಲೂ ಹೀಗೇ ಇರೋದು."

"ಅಂದ್ರೆ ಇನ್ನೊಂದು ಸೆಟ್ಟು ಮಾಡಿದ್ದಿದ್ರೆ?"

"ಅದರ ದುಡ್ಡಲ್ಲಿ ಮೂರನೇ ಒಂದು ಪಾಲು ನಮಗೆ ಬರ್ತಿತ್ತು. ಎರಡು ಪಾಲು ನಿಮ್ದೇ."

ದಾರಿಯುದ್ದಕ್ಕೂ ಭಾವ ಬೆರಳು ಮಡಿಸುತ್ತ ಲೆಕ್ಕ ಹಾಕಿದರು. ಬಸ್ಸಿಳಿಯುವಾಗ, "ಇಪ್ಪತ್ತೆರಡು ವರ್ಷ ಕಣಯ್ಯ. ವರ್ಷಕ್ಕೆ ಎರಡು ಮೂರು ತಿಂಗಳು ಸುಮ್ಮನೆ ಕೂತಿದ್ದೀನಿ," ಎಂದರು. ನಾನು ತಲೆಯಾಡಿಸಲಿಲ್ಲ.

ಅಂದೇ ಬೀಗ ತೆಗೆದರು. ಎಂಟು ದಿನಕ್ಕೆ ಚಿಕ್ಕಮ್ಮನ ಸೆಟ್ಟು ಸಿದ್ಧವಾಯಿತು. ಅಷ್ಟು ಚೆಂದದ ಕೆಲಸವನ್ನು ಅವರ ಕೈಯಲ್ಲಿ ನಾನು ಕಂಡಿರಲಿಲ್ಲ. ಇಬ್ಬರೂ ಅವರ ಮನೆಗೆ ಒಯ್ದೆವು. ಚಿಕ್ಕಮ್ಮ ಹಾಕಿಕೊಂಡರು, ಕನ್ನಡಿ ನೋಡಿದರು, ದುಡ್ಡು ಎಣಿಸಿ ಕೊಟ್ಟರು.

"ಆ ಭಾಷಣ ಒಂದ್ಸಲ ಓದಿ ಚಿಕ್ಕಮ್ಮ," ಭಾವ ಮೆಲ್ಲನೆ ಕೇಳಿದರು. "ನಾವಿಬ್ಬರು ಕೇಳ್ತೀವಿ."

"ಅದು ಆ ಮಕ್ಕಳಿಗೆ ಬರೆದದ್ದು. ಅವರೆಲ್ಲ ಅವರವರ ಊರಿಗೆ ಹೋದ್ರು. ಹೊತ್ತಾಯ್ತು, ಕೈ ತೊಳ್ಕೊಂಡು ಬನ್ನಿ, ಬಡಿಸ್ತೀನಿ."

ಹೊಸ ಹಲ್ಲಲ್ಲಿ ಚಿಕ್ಕಮ್ಮ ಒಂದಕ್ಷರವೂ ತೊದಲಲಿಲ್ಲ. ಭಾವ ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದರು.